ಬಸ್ಸನ್ನು ದಾಟಿದ ಕಲ್ಲುಗಳು

ನಮ್ಮ ಬೊಲಿವಿಯದಲ್ಲಿ ಊರಿಗೆ ಹೊರಟವರು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವುದಿಲ್ಲ, ಇವತ್ತು ರಸ್ತೆತಡೆ ಎಲ್ಲೆಲ್ಲಿ ಎಂದು ಕೇಳುತ್ತಾರೆ. ಎಲ್ ಆಲ್ಟೊ ನಗರ ಬಿಟ್ಟ ಮೇಲೆ ನಾನು ಎರಡು ತಡೆ ದಾಟಿದ್ದೆ. ಒಂದನ್ನು ನಡೆದು, ಇನ್ನೊಂದನ್ನು ಉಣ್ಣೆಯ ಲಾಮಾ ಪ್ರಾಣಿಗಳನ್ನು ಸಾಗಿಸುವ ಲಾರಿಯಲ್ಲಿ ಕೂತು. ಕೈಯಲ್ಲಿ ಮೂರಂತಸ್ತಿನ ಕೇಕು. ಮಧ್ಯಾಹ್ನ ವಿಲಕೋಟದಲ್ಲಿ ವಿಲ್ಮರನ ಮದುವೆ. ಕೇಕು ತರುವುದು ಧರ್ಮತಾಯಿಯಾದ ನನ್ನ ಪಾಲು. ತಪ್ಪಿದರೆ ಆ ಊರು ನಾನು ಸತ್ತ ಮೇಲೂ ಆಡಿಕೊಳ್ಳುತ್ತದೆ.

ಆಮೇಲೆ ಸಿಕ್ಕ ಬಸ್ಸೂ ಊರು ಕಣ್ಣಿಗೆ ಕಾಣುವಾಗ ನಿಂತಿತು. ರಸ್ತೆಗೆ ಅಡ್ಡ ಕಲ್ಲಿನ ಸಾಲು. ಅದರಾಚೆ ಎದೆಗೆ ಅಧಿಕಾರದ ಗುರುತಿನ ಚಾವಟಿ ಸುತ್ತಿಕೊಂಡು ನಿಂತಿದ್ದ ಮುಖಂಡ ಬೇರೆ ಯಾರೂ ಅಲ್ಲ, ಮದುಮಗನ ಅಪ್ಪ ಸೆವೆರೋ.

“ಮಂತ್ರಿ ರಾಜೀನಾಮೆ ಕೊಡೋ ತನಕ ಯಾರೂ ದಾಟೋ ಹಾಗಿಲ್ಲ ಅಕ್ಕ.”

“ಅವನು ಮಂಗಳವಾರನೇ ಕೊಟ್ನಲ್ಲಪ್ಪ.”

“ಗೊತ್ತು. ಆದ್ರೆ ನಿರ್ಣಯ ವಾಪಸ್ ತಗೊಳ್ಳೋಕೆ ಸಭೆ ಸೇರ್ಬೇಕು. ಸಭೆ ನಾಳೆ, ಭಾನುವಾರ.”

“ಮಗನ ಮದುವೆ ಇವತ್ತು ಕಣೋ.”

“ನಾನೇ ದಾಟಿಸಿದ್ರೆ ಈ ಚಾವಟಿ ನನ್ನ ಬೆನ್ನಿಗೇ ಬೀಳುತ್ತೆ.”

ದೇವರು ಕೊಟ್ಟರೂ ಪೂಜಾರಿ ಕೊಡ. ಬಿಸಿಲಿಗೆ ಕೇಕಿನ ಕೆನೆ ಇಳಿಯತೊಡಗಿತ್ತು. ನನಗೆ ಮೈಯೆಲ್ಲ ಉರಿಯಿತು.

“ಸರಿ, ನಾವು ದಾಟಲ್ಲ. ಕಲ್ಲುಗಳು ನಮ್ಮನ್ನ ದಾಟಬಾರದು ಅಂತ ನಿರ್ಣಯದಲ್ಲಿ ಬರೆದಿದ್ದೀರಾ?”

ತಡೆಗೆ ಕಾವಲಿದ್ದ ಊರಿನವರೆಲ್ಲ ಕೋಕಾ ಎಲೆ ಜಗಿಯುತ್ತ ಗಂಟೆಗಟ್ಟಲೆ ಚರ್ಚಿಸಿದರು. ಬರೆದಿರಲಿಲ್ಲ. ಆಮೇಲೆ ಇಪ್ಪತ್ತು ಜನ ಒಂದೊಂದೇ ಕಲ್ಲು ಹೊತ್ತು ಬಸ್ಸಿನ ಹಿಂದೆ ಸಾಲಾಗಿ ಇಟ್ಟರು. ಬಸ್ಸು ಒಂದಂಗುಲವೂ ಅಲ್ಲಾಡಲಿಲ್ಲ.

ಕೊನೆಯ ಕಲ್ಲು ಮುಖಂಡನದು. ಅದನ್ನಿಟ್ಟು ಸೊಂಟ ನೆಟ್ಟಗೆ ಮಾಡಿದಾಗ ಸೆವೆರೋ ಕಲ್ಲಿನ ಆಚೆಗಿದ್ದ. ಊರು, ಮಗ, ಮದುವೆ ಎಲ್ಲ ಈಚೆಗೆ.

“ಬಾರೋ,” ಅಂದೆ.

“ಹೆಂಗ್ ಬರ್ಲಿ?” ಅವನು ಕಲ್ಲಿನ ಸಾಲು ತೋರಿಸಿದ. “ನೀವು ಹೋಗಿ. ಪಾದ್ರಿ ಕಾಯ್ತಿರ್ತಾರೆ.”

ಮತ್ತೆ ಕಲ್ಲು ಹೊರಲು ಯಾರಿಗೂ ಸೊಂಟ ಉಳಿದಿರಲಿಲ್ಲ. ಆ ಹಟಮಾರಿಯನ್ನು ನೋಡಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಊರಿಗೆ ಹೋದವಳೇ ವಧೂವರರು, ಪಾದ್ರಿ, ವಾಲಗದವರು ಎಲ್ಲರನ್ನೂ ಅದೇ ಬಸ್ಸಿಗೆ ತುಂಬಿಕೊಂಡು ಬಂದೆ.

ಮದುವೆ ನಡುರಸ್ತೆಯಲ್ಲೇ ಆಯಿತು. ವಿಲ್ಮರ್ ಟೋಪಿ ತೆಗೆದು ಕಲ್ಲಿನ ಮುಂದೆ ಮಂಡಿಯೂರಿದ. ಆಚೆಯಿಂದ ಸೆವೆರೋ ಬಗ್ಗಿ ಮಗನ ತಲೆಯ ಮೇಲೆ ಕೈಯಿಟ್ಟ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

“ಮುಖಂಡರ ಕೈ ದಾಟ್ತಾ ಇದೆ,” ಅಂತ ನನ್ನ ಪಕ್ಕದವನೊಬ್ಬ ತಗಾದೆ ತೆಗೆದ.

“ನಾಳೆ ಸಭೆಲಿ ಕೇಳು,” ಅಂದು ಅವನ ಬಾಯಿಗೆ ಕೇಕು ತುರುಕಿದೆ.