ಐವಿಂದನ ಅಂಟುಮೇಣ

ಈಸ್ಟರ್ ರಜೆ ಮುಗಿಯುವುದರೊಳಗೆ ಪಕ್ಕದ ಮನೆಯ ಗುನ್ವೋರಳನ್ನು ಜೊತೆಗೆ ಬಾಳೋಣವೇ ಎಂದು ಕೇಳಿಯೇ ಬಿಡಬೇಕೆಂದು ಐವಿಂದ್ ನಿಶ್ಚಯಿಸಿದ್ದ. ಇಬ್ಬರಿಗೂ ಅರವತ್ತು ದಾಟಿದೆ, ಇಬ್ಬರೂ ಒಂಟಿ; ಎರಡು ಮನೆಯಲ್ಲಿ ಎರಡು ಒಲೆ ಉರಿಸುವುದೇಕೆ? ಗುಡ್ಡದ ನೆತ್ತಿಯಲ್ಲಿ ಕಿತ್ತಳೆ ಸುಲಿಯುತ್ತಾ ಕೇಳುವುದೆಂದು ಲೆಕ್ಕ ಹಾಕಿದ್ದ. ಆದರೆ ಹೋದ ವಾರವೇ ಅವಳು ಹೇಳಿದ್ದಳು: "ಯಾರ ಮಾತೂ ಕೇಳದ ಗಂಡಸಿನ ಜೊತೆ ಒಂದು ದಿನಾನೂ ಬಾಳಲ್ಲಪ್ಪ. ಅದರ ಮೇಲೆ ನಿನ್ನ ಮೇಣದ ಡಬ್ಬಿಗಳು ಬೇರೆ!"

ನಾರ್ವೆಯ ಗಂಡಸರು ಹೆಂಡತಿಯ ಹುಟ್ಟುಹಬ್ಬ ಮರೆತಾರು, ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಯಾವ ಹಿಮಕ್ಕೆ ಯಾವ ಬಣ್ಣದ ಮೇಣ ಎಂಬುದನ್ನು ಮರೆಯರು. ಐವಿಂದನಿಗಂತೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇಬ್ಬರೂ ಗುಡ್ಡಕ್ಕೆ ಹೊರಟ ಬೆಳಿಗ್ಗೆ ಹಿಮ ಗಾಜಿನಂತೆ ಗಟ್ಟಿಯಾಗಿತ್ತು. ಏರುವಾಗ ಹಿಂದಕ್ಕೆ ಜಾರದಿರಲೆಂದು ಸ್ಕೀಯ ಅಡಿಗೆ ಅಂಟುಮೇಣವನ್ನು ಧಾರಾಳವಾಗಿ ಬಳಿದ.

"ಮೇಲೆ ನೆರಳಲ್ಲಿ ನಿನ್ನೆ ಬಿದ್ದ ಪುಡಿಹಿಮ ಇದೆ ಮಾರಾಯ. ಅಂಟು ಬೇಡ," ಎಂದಳು ಗುನ್ವೋರ್. ಅವಳ ಸ್ಕೀಯ ಅಡಿಯಲ್ಲಿ ಹಿಮವನ್ನು ಕಚ್ಚಿ ಹಿಡಿಯುವ, ಮೀನಿನ ಪೊರೆಯಂಥ ಗೀರುಗಳಿದ್ದವು. ಮೇಣದ ಗೊಡವೆಯೇ ಇಲ್ಲ.

"ಗೀರು ಸ್ಕೀಯೋರು ನನಗೆ ಹಿಮದ ಪಾಠ ಹೇಳೋದಾ!"

ಬಿಸಿಲಿನ ಏರಿನಲ್ಲಿ ಐವಿಂದ್ ರಾಜನಂತೆ ಮುಂದೆ ಹೋದ. ನೆರಳಿಗೆ ಕಾಲಿಟ್ಟದ್ದೇ ತಡ, ಪುಡಿಹಿಮ ಹೆಂಟೆಹೆಂಟೆಯಾಗಿ ಅಂಟಿಕೊಂಡಿತು. ಹತ್ತು ಹೆಜ್ಜೆಯಲ್ಲಿ ಆಸಾಮಿ ಒಂದು ಗೇಣು ಎತ್ತರವಾದ.

"ಯಾಕೆ ನಿಂತೆ?" ಪಕ್ಕದಲ್ಲೇ ಹಾಯುತ್ತಾ ಗುನ್ವೋರ್ ಕೇಳಿದಳು.

"ನೋಟ ನೋಡ್ತಿದೀನಿ."

"ಎದುರಿಗಿರೋದು ಬರೀ ಬಂಡೆ."

"ಬಂಡೆ ಚೆನ್ನಾಗಿದೆ."

ಅವಳು ಸರ್ರನೆ ಮುಂದೆ ಹೋದಳು. ಐವಿಂದ್ ಕೆರೆದ, ಒದ್ದ, ಶಪಿಸಿದ; ಹಿಮ ಇನ್ನಷ್ಟು ಅಂಟಿತು. ನೆತ್ತಿಯಲ್ಲಿ ಅವಳೊಬ್ಬಳೇ ಕಿತ್ತಳೆ ತಿಂದು ಆಚೆ ಇಳಿದು ಹೋಗುತ್ತಾಳೆ ಎನ್ನಿಸಿ ಅವನಿಗೆ ನಿಜಕ್ಕೂ ದಿಗಿಲಾಯಿತು. ನಲವತ್ತು ವರ್ಷದಲ್ಲಿ ಯಾರಿಗೂ ಹೇಳದ ಮಾತು ಗಂಟಲು ಸೀಳಿಕೊಂಡು ಬಂತು.

"ಗುನ್ವೋರ್! ನೀನು ಹೇಳಿದ್ದೇ ಸರಿ! ನಂದೇ ತಪ್ಪು! ಸ್ವಲ್ಪ ಬಾ!"

ಅವಳು ಹಿಂದಿರುಗಿ ಬಂದಳು. ನಗಲಿಲ್ಲ. ಮಂಡಿಯೂರಿ ಅವನೊಂದಿಗೆ ಮೇಣ ಕೆರೆಯತೊಡಗಿದಳು.

"ಇನ್ನೊಂದ್ಸಲ ಹೇಳು."

"ಎಲ್ಲಾನೂ?"

"ತಪ್ಪು ಅನ್ನೋದಷ್ಟೇ ಸಾಕು."

ಹೇಳಿದ. ಅವಳು ಆ ನೆರಳಲ್ಲೇ ಕಿತ್ತಳೆ ಸುಲಿದು ಅರ್ಧ ಕೊಟ್ಟಳು. ಐವಿಂದನ ಅಂಟು ಬೆರಳಿಗೆ ಸಿಪ್ಪೆಯ ಚೂರುಗಳು ಮೆತ್ತಿಕೊಂಡವು.

"ಗುನ್ವೋರ್, ನಾನು ಒಂದು ಮಾತು..."

"ನನ್ನ ಅಡುಗೆಮನೆ ಬೀರುವಿನ ಕೆಳಗಿನ ಗೂಡು ಖಾಲಿ ಮಾಡಿಕೊಡ್ತೀನಿ. ಒಂದೇ ಗೂಡು, ಐವಿಂದ್. ನಿನ್ನ ಡಬ್ಬಿಗಳು ಅದರಾಚೆ ಒಂದಿಂಚೂ ಬರಕೂಡದು."

ಐವಿಂದ್ ಬಾಯಿ ತುಂಬ ಕಿತ್ತಳೆ ಇಟ್ಟುಕೊಂಡೇ ಹೂಂಗುಟ್ಟಿದ. ಹಣ್ಣಿಗೆ ಅಂಟುಮೇಣದ ವಾಸನೆಯಿತ್ತು. ಒಂದು ಮಾತೂ ಆಡದೆ ನುಂಗಿದ.