ಗರಡಿಗೆ ಹೋದ ಮಜ್ಜಿಗೆ

ಜಯನಗರದ ಹೊಸ ಮನೆಗೆ ಬಂದದ್ದೇ ತಡ, ಗುಮಾಸ್ತರಾದ ನಮ್ಮ ಯಜಮಾನರಿಗೆ ಪೈಲ್ವಾನರಾಗೋ ಹುಚ್ಚು ಹಿಡೀತು. ಬೆಳಗ್ಗೆ ಎದ್ದು ಪಕ್ಕದ ಹಳ್ಳಿಯ ಬೈರಣ್ಣನ ಗರಡಿಗೆ ಓಡೋರು. ಸಾಮು ಮಾಡಿ ಬೆವರು ಸುರಿಸಿದ ಮೇಲೆ ಹೊಟ್ಟೆಗೆ ತಂಪಾಗಿ ಏನಾದ್ರೂ ಬೀಳಬೇಕಂತೆ. ಸರಿ, ಬೆಣ್ಣೆ ತೇಲೋ ಮಜ್ಜಿಗೆಯನ್ನ ಚೊಂಬಿನ ತುಂಬ ಕೊಟ್ಟು ಕಳಿಸ್ತಿದ್ದೆ. ಚೊಂಬೇನೋ ದಿನಾ ಖಾಲಿಯಾಗಿ ಬರೋದು, ಮನುಷ್ಯ ಮಾತ್ರ ನುಗ್ಗೇಕಾಯಿ ಥರಾನೇ ಇದ್ರು.

ಅನುಮಾನ ಬಂದು ಒಂದು ದಿನ ನಾನೇ ಹೋಗಿ ಗರಡಿ ಬಾಗಿಲಲ್ಲಿ ನಿಂತು ಇಣುಕಿದೆ. ಬೈರಣ್ಣ ನಮ್ಮ ಚೊಂಬನ್ನ ಕಣ್ಣಿಗೊತ್ತಿಕೊಂಡು, ಮಜ್ಜಿಗೆಯನ್ನೆಲ್ಲ ಕುಸ್ತಿ ಆಡೋ ಕೆಮ್ಮಣ್ಣಿಗೆ ಸುರಿದುಬಿಟ್ಟ! ಮಣ್ಣು ಮೆತ್ತಗಾಗಲಿ ಅಂತ ಮಜ್ಜಿಗೆ, ಅರಿಶಿನ ತಂದುಕೊಡೋದು ಗರಡಿಯ ಪದ್ಧತಿಯಂತೆ. ನಮ್ಮದೂ ಹರಕೆ ಅಂತ ತಿಳ್ಕೊಂಡಿದ್ದಾನೆ ಪುಣ್ಯಾತ್ಮ.

"ನಿಮಗೆ ಬಾಯಿಲ್ವೇನ್ರೀ?" ಅಂತ ಇವರನ್ನ ಕೇಳಿದೆ.

"ಉಸ್ತಾದರು ಕೈಮುಗಿದು ಇಸ್ಕೊಂಡ್ರು ಕಣೇ. ಕುಡಿಯೋಕೆ ತಂದದ್ದು ಅಂತ ಹೇಗೆ ಹೇಳ್ಲಿ?"

ಬೈರಣ್ಣ ಹೆಮ್ಮೆಯಿಂದ, "ಅಮ್ಮಾವ್ರೇ, ನಿಮ್ಮ ಮಜ್ಜಿಗೆಯಿಂದ ಮಣ್ಣು ಹಾಸಿಗೆ ಥರ ಆಗೈತೆ. ಸ್ವಾಮೇರ್ನ ಎಷ್ಟು ಸಲ ಎತ್ತಿ ಒಗೆದ್ರೂ ಒಂದು ಮೂಳೆ ಮುರಿದಿಲ್ಲ!" ಅಂದ.

ಮಾರನೇ ದಿನದಿಂದ ಎರಡು ಚೊಂಬು ಕಳಿಸಿದೆ. ಒಂದು ಇವರು ಕುಡಿಯೋಕೆ, ಇನ್ನೊಂದು ಇವರು ಬೀಳೋಕೆ.