ಸಾಲಿನ ಕೊನೆಗೆ ಅಂಟಿದ್ದು

"ತಲೆ ಕಡೆಯವರು ನಿಧಾನ," ಎನ್ನುತ್ತ ನಾಲ್ವರು ದೇಹವನ್ನು ಮೆಟ್ಟಿಲಿಳಿಸುತ್ತಿದ್ದರು. ಸತ್ತವಳನ್ನು ಅಕ್ಕ ಎಂದೇ ಕರೆಯುತ್ತಿದ್ದ ಆಫೀಸಿನ ಗೆಳತಿ ಗೋಡೆಗೊತ್ತಿ ದಾರಿಬಿಟ್ಟು ಗಡಿಯಾರ ನೋಡಿಕೊಂಡಳು. ಹನ್ನೊಂದಕ್ಕೆ ಹತ್ತು ನಿಮಿಷ.

ಹನ್ನೊಂದಕ್ಕೆ ಊರಿನ ಆಸ್ಪತ್ರೆಗಳ ದಾಖಲೆಗಳೆಲ್ಲ ಹಳೆಯ ಸರ್ವರಿನಿಂದ ಹೊಸದಕ್ಕೆ ಹೋಗಲಿದ್ದವು. ಆ ಡೇಟಾಬೇಸನ್ನು ಹದಿನೆಂಟು ವರ್ಷ ತಿದ್ದುತ್ತ ಬಂದವಳು ಈಗ ನಾಲ್ವರ ಕೈಯಲ್ಲಿ ಮೆಟ್ಟಿಲಿಳಿಯುತ್ತಿದ್ದಳು. ಅವಳ ಕೊನೆಯ ತಿದ್ದುಪಡಿ ಮಾತ್ರ ಗೆಳತಿಯ ಒಪ್ಪಿಗೆಗೆ ಇನ್ನೂ ಕಾದಿತ್ತು.

"ಸಾರ್, ಸರ್ವರ್ ಬದಲಾಯಿಸೋದನ್ನ ಒಂದು ದಿನ ಮುಂದಕ್ಕೆ ಹಾಕೋಣ."

"ಇಲ್ಲೂ ಅದೇ ಮಾತಾ?" ಮ್ಯಾನೇಜರು ಹೂವಿನ ಹಾರವನ್ನು ಇನ್ನೊಂದು ಕೈಗೆ ಬದಲಾಯಿಸಿದರು.

"ಅಕ್ಕ ಹೇಳಿದ್ದು ನಿಜ ಆದ್ರೆ?"

"ಅವಳಿಗೆ ಮೊದಲಿಂದ್ಲೂ ಸಂಶಯ ಜಾಸ್ತಿ. ಊಟದ ಡಬ್ಬಿ ಮುಚ್ಚಳಾನೂ ಮೂರು ಸಲ ಒತ್ತಿ ನೋಡೋಳು."

ಪಕ್ಕದವರು ಮೆಲ್ಲಗೆ ನಕ್ಕರು.

*

"ಈ ಎರಡು ಔಷಧಿ ಹೆಸರು ಒಂದೇನಾ ನೋಡು," ಎಂದಿದ್ದಳು ಅಕ್ಕ, ಶುಕ್ರವಾರ ಸಂಜೆ.

"ಒಂದೇ ಅಕ್ಕ."

"ಹೊಸ ಸರ್ವರ್ ಬೇರೆಬೇರೆ ಅಂತಿದೆ."

ಹಳೆಯ ಯಂತ್ರ ಪ್ರತಿ ಸಾಲು ಮುಗಿಸುವಾಗ ಕಣ್ಣಿಗೆ ಕಾಣದ ಎರಡು ಗುರುತು ಹಾಕುತ್ತಿತ್ತು. ಹೊಸದಕ್ಕೆ ಒಂದೇ ಸಾಕು. ಮಿಕ್ಕಿದ್ದು ಸಾಲಿನ ಕೊನೆಯ ಪದಕ್ಕೆ ಜಿಗಣೆಯಂತೆ ಅಂಟಿಕೊಳ್ಳುತ್ತಿತ್ತು. ರೋಗಿಯ ಸಾಲಿನಲ್ಲಿ ಕೊನೆಯ ಪದವೆಂದರೆ, ಅವರಿಗೆ ಕೊಡಬಾರದ ಔಷಧಿಯ ಹೆಸರು.

"ಹೆಸರು ತಾಳೆ ಆಗಲ್ಲ. ಡಾಕ್ಟರು ಅದೇ ಔಷಧಿ ಬರೆದ್ರೂ ಇದು ಎಚ್ಚರಿಕೆ ಕೊಡಲ್ಲ ಕಣೇ." ಅಕ್ಕ ಎಡಭುಜ ಒತ್ತಿಕೊಳ್ಳುತ್ತಿದ್ದಳು. ಗೆಳತಿ ಅದನ್ನು ಕಂಡಿದ್ದಳು, ಏನೆಂದು ಕೇಳಿರಲಿಲ್ಲ. ಚೀಲ ಆಗಲೇ ಹೆಗಲೇರಿತ್ತು.

"ಸೋಮವಾರ ನೋಡ್ತೀನಿ ಅಕ್ಕ. ಕಾಣದ ಒಂದು ಚುಕ್ಕೆಗೆ ಯಾರ ಜೀವ ಹೋಗತ್ತೆ?"

ಇವತ್ತು ಸೋಮವಾರ.

*

ಶವದ ವಾಹನದ ಬಳಿ ಅಕ್ಕನ ತಾಯಿ ಒಬ್ಬರೇ ನಿಂತಿದ್ದರು.

"ಅಪ್ಪ ಎಲ್ಲಿ ಅಮ್ಮ?"

"ಬೆಳಿಗ್ಗೆ ಎದೆ ಹಿಡ್ಕೊಂಡು ಕೂತ್ಬಿಟ್ರು. ಆಸ್ಪತ್ರೆಗೆ ಸೇರಿಸಿದೀವಿ." ಅವರು ಸೆರಗಿನಿಂದ ಮೂಗೊರೆಸಿಕೊಂಡರು. "ಯಾವುದೋ ಔಷಧಿ ಅವರಿಗೆ ಆಗಲ್ಲ. ಹೆಸರು ನನ್ನ ನಾಲಿಗೆಗೆ ಬರಲ್ಲ, ಅದೆಲ್ಲ ಇವಳೇ ನೋಡ್ಕೊಳ್ತಿದ್ಲು. ಕಂಪ್ಯೂಟರಲ್ಲಿ ಇದೆಯಲ್ಲ, ಅದೊಂದು ಧೈರ್ಯ."

ಹನ್ನೊಂದು ದಾಟಿತ್ತು. ಮ್ಯಾನೇಜರ ಜೇಬಿನಲ್ಲಿ ಫೋನು ಟಿಣ್ ಎಂದಿತು. "ದಾಖಲೆ ಎಲ್ಲ ಹೊಸದಕ್ಕೆ ಹೋಗಿ ಮುಗೀತು ನೋಡು," ಎಂದರು ಮೆಲುದನಿಯಲ್ಲಿ, "ಒಂದೂ ತಪ್ಪಿಲ್ಲ."

ಗೆಳತಿಯ ಬೆರಳು ಆಸ್ಪತ್ರೆಯ ಸಂಖ್ಯೆಯನ್ನು ಎರಡು ಸಲ ತಪ್ಪಾಗಿ ಒತ್ತಿತು. ಮೂರನೆಯ ಸಲ ನರ್ಸೊಬ್ಬಳು ಎತ್ತಿದಳು. ರೋಗಿಯ ಹೆಸರು ಕೇಳಿ, ಕೀಲಿ ಒತ್ತಿ ನೋಡಿದಳು.

"ಹೆದರ್ಬೇಡಿ ಮೇಡಂ, ಪರದೆ ಹಸಿರಾಗೇ ಇದೆ, ಎಚ್ಚರಿಕೆ ಏನೂ ಇಲ್ಲ. ಡಾಕ್ಟರು ಇಂಜೆಕ್ಷನ್ ತಗೊಂಡು ಈಗಷ್ಟೇ ಒಳಗೆ ಹೋದ್ರು."

"ಪರದೆ ನಂಬಬೇಡಿ. ಓಡಿ, ಡಾಕ್ಟರನ್ನ ತಡೀರಿ. ರೋಗಿ ಸಾಲನ್ನ ನೀವೇ ಕಣ್ಣಲ್ಲಿ ಓದಿ."

ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಇತ್ತ ವಾಹನದ ಹಿಂಬಾಗಿಲು ಮುಚ್ಚಿತು. ತಾಯಿ ಗೆಳತಿಯ ಮುಖವನ್ನೇ ನೋಡುತ್ತಿದ್ದರು. ಫೋನಿಗೊತ್ತಿದ ಅವಳ ಕಿವಿಯಲ್ಲಿ, ಆಸ್ಪತ್ರೆಯ ಉದ್ದನೆಯ ಓಣಿಯೊಂದರಲ್ಲಿ ನರ್ಸಿನ ಚಪ್ಪಲಿಯ ಸದ್ದು ದೂರ ದೂರ ಹೋಗಿ, ಎಲ್ಲೋ ನಿಂತಿತು.